ದತ್ತಪೂರ್ಣಿಮೆಯ ಶಿಶು

ಮಾರ್ಗಶಿರ ಶುದ್ಧ ಪೂರ್ಣಿಮೆಗೂ ಅದರ ಮುಂದಿನ ಅಮಾವಾಸ್ಯೆಗೂ ನಡುವಣ ಒಂದು ಪಕ್ಷವು ನಮ್ಮ ಮಲೆನಾಡಿನ ಮೂರು ತಾಲೂಕುಗಳ ಮಟ್ಟಿಗೆ ಒಂದೇ ಪುರಾಣಕಥೆಯ ಆದಿ ಅಂತ್ಯಗಳಂತಿದೆ. ಪೂರ್ಣಿಮೆಯಂದು ಸಾಗರದ ಸಮೀಪದ ವರದಹಳ್ಳಿಯಲ್ಲಿ ದತ್ತಜಯಂತಿ; ಅಮಾವಾಸ್ಯೆಯಂದು ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆ. ಆ ಹುಣ್ಣಿಮೆಯಲ್ಲಿ ಜನಿಸಿದವನು ದತ್ತಾತ್ರೇಯ. ಅವನ ಶಿಷ್ಯನಾದ ಪರಶುರಾಮನ ಕೊಡಲಿಯಲ್ಲಿ ಎಷ್ಟು ತೊಳೆದರೂ ಹೋಗದೆ ಉಳಿದಿದ್ದ ಎಳ್ಳಿನಷ್ಟು ರಕ್ತದ ಕಲೆ ತುಂಗೆಯ ನೀರಿನಲ್ಲಿ ಕರಗಿದ್ದು ಆ ಅಮಾವಾಸ್ಯೆಯಲ್ಲಿ ಎಂದು ತೀರ್ಥಹಳ್ಳಿಯ ಸ್ಥಳಪುರಾಣ. ನಡುವೆ ಹೊಸನಗರದ ಸೀಮೆ, ಅದರ ನೆತ್ತಿಯ ಮೇಲೆ ಕೊಡಚಾದ್ರಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರದ ನೆಲವನ್ನು ಹಾದು ಸಾಗರದ ನೆಲದಲ್ಲಿ ಜೋಗದ ಕಡೆಗೆ ಸಾಗುವಾಗ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಇಬ್ಬನಿ ಸುರಿಯುವ ಕಾಲ. ಅಡಿಕೆ ಕೊಯ್ಲು ನಡೆದಿರುವ ಕಾಲ. ರಾತ್ರಿ ಹೊತ್ತು ಮೀರುವವರೆಗೂ ಅಡಿಕೆ ಸುಲಿಯುತ್ತ ಕುಳಿತವರ ಬಾಯಲ್ಲಿ ಇಂಥ ಕಥೆಗಳು ಇಂದಿಗೂ ಉಳಿದಿವೆ.

ಈ ಪೂರ್ಣಿಮೆಯನ್ನು ವರದಹಳ್ಳಿಯಲ್ಲಿ ಆಚರಿಸುವುದು ದೇವರ ಜನ್ಮದಿನವೆಂದು ಮಾತ್ರವಲ್ಲ. ಆ ಬೆಟ್ಟದ ಮೇಲೆ ಬಾಳಿ, ಅಲ್ಲಿಯೇ ಸಮಾಧಿಸ್ಥರಾದ ಶ್ರೀಧರಸ್ವಾಮಿಗಳೂ ಹುಟ್ಟಿದ್ದು ದತ್ತಜಯಂತಿಯಂದೇ. ದೇವರ ಜನ್ಮತಿಥಿಯಲ್ಲಿ ಹುಟ್ಟಿದ ಮನುಷ್ಯರು ಲೆಕ್ಕವಿಲ್ಲದಷ್ಟು. ಪ್ರತಿ ರಾಮನವಮಿಗೂ ಪ್ರತಿ ಗೋಕುಲಾಷ್ಟಮಿಗೂ ಲೋಕದಲ್ಲಿ ಎಷ್ಟು ಶಿಶುಗಳು ಕಣ್ತೆರೆಯುವುದಿಲ್ಲ! ಹಾಗಾದರೆ ತಿಥಿಗೆ ಏನು ಅರ್ಥ? ಭಕ್ತರು ಇದಕ್ಕೆ ಅವತಾರವೆಂಬ ಒಂದೇ ಮಾತಿನ ಉತ್ತರ ಕೊಡುತ್ತಾರೆ. ವಿಚಾರವಾದಿಗಳು ಕಾಕತಾಳೀಯವೆಂಬ ಒಂದೇ ಮಾತಿನ ಉತ್ತರ ಕೊಡುತ್ತಾರೆ. ಎರಡೂ ಉತ್ತರಗಳು ನನಗೆ ಅವಸರದವೆಂದು ತೋರಿದುದರಿಂದಲೇ ಈ ಜೀವನವನ್ನು ಅದರ ತಿಥಿಯ ಬೆಳಕಿನಲ್ಲಿ ಇನ್ನೊಮ್ಮೆ ನೋಡುವ ಮನಸ್ಸಾಯಿತು. ನಾನು ಜ್ಯೋತಿಷವನ್ನು ವೃತ್ತಿಯಾಗಿ ಕೈಕೊಂಡವನಲ್ಲ. ಪಂಚಾಂಗ ನೋಡಬಲ್ಲೆ, ಗ್ರಹಗಳ ಸ್ಥಾನವನ್ನು ಗಣಿತದಿಂದ ತಿಳಿಯಬಲ್ಲೆ. ಅಷ್ಟೇ ನನ್ನ ಬಂಡವಾಳ.

ಮೊದಲು ದೇವರ ಜನ್ಮವನ್ನು ನೋಡೋಣ. ಪೂರ್ಣಚಂದ್ರನು ಮೃಗಶಿರಾ ನಕ್ಷತ್ರದಲ್ಲಾಗಲಿ ಅದರ ಆಸುಪಾಸಿನಲ್ಲಾಗಲಿ ಇರುವ ಮಾಸವೇ ಮಾರ್ಗಶಿರ. ಈ ಮಾಸಕ್ಕೆ ಆಗ್ರಹಾಯಣವೆಂಬ ಇನ್ನೊಂದು ಹೆಸರಿದೆ. ಹಾಯನವೆಂದರೆ ವರ್ಷ, ಅದರ ಅಗ್ರಭಾಗ ಎಂದು ಅರ್ಥ. ಒಂದಾನೊಂದು ಕಾಲದಲ್ಲಿ ವರ್ಷದ ಎಣಿಕೆಯೇ ಮೃಗಶಿರದೊಡನೆ ಹೆಣೆದುಕೊಂಡಿತ್ತೆಂದು ಲೋಕಮಾನ್ಯ ತಿಲಕರು 1893ರಲ್ಲಿ ಪ್ರಕಟಿಸಿದ ಓರಾಯನ್ ಗ್ರಂಥದಲ್ಲಿ ವಾದಿಸಿದರು. ವಸಂತವಿಷುವವು ಆ ನಕ್ಷತ್ರದಲ್ಲಿದ್ದ ಪ್ರಾಚೀನ ಕಾಲದ ನೆನಪು ವೇದದಲ್ಲಿ ಉಳಿದಿದೆಯೆಂಬುದು ಅವರ ಮತ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಗೀತೆಯಲ್ಲಿ ಭಗವಂತನು ಮಾಸಗಳ ಪೈಕಿ ತಾನು ಮಾರ್ಗಶೀರ್ಷನೆಂದು ಹೇಳಿಕೊಂಡಿರುವುದರ ಹಿಂದೆ ಬಹು ಹಳೆಯ ಗೌರವವೊಂದು ಇದ್ದಿರಲೇಬೇಕು.

ಮೃಗಶಿರದ ಅಧಿದೇವತೆ ಸೋಮ, ಎಂದರೆ ಚಂದ್ರ. ಅತ್ರಿ ಅನಸೂಯೆಯರಿಗೆ ಮೂವರು ಮಕ್ಕಳು: ಬ್ರಹ್ಮಾಂಶನಾದ ಚಂದ್ರ, ವಿಷ್ಣ್ವಂಶನಾದ ದತ್ತ, ರುದ್ರಾಂಶನಾದ ದೂರ್ವಾಸ. ಆದ್ದರಿಂದ ಈ ಹುಣ್ಣಿಮೆಯ ರಾತ್ರಿ ಆಕಾಶದಲ್ಲಿ ತುಂಬಿ ನಿಂತಿರುವವನು ಶಿಶುವಿನ ಒಡಹುಟ್ಟಿದವನೇ. ನಿಂತಿರುವುದೂ ತನ್ನದೇ ಅಧಿದೈವತದ ನಕ್ಷತ್ರದ ಮನೆಯಲ್ಲಿ ಅಥವಾ ಅದರ ಹೊಸ್ತಿಲಲ್ಲಿ. ದತ್ತನ ಸುತ್ತ ನಾಲ್ಕು ನಾಯಿಗಳನ್ನು ಚಿತ್ರಿಸುತ್ತಾರಲ್ಲವೆ? ಅವು ನಾಲ್ಕು ವೇದಗಳೆಂದು ಸಂಪ್ರದಾಯ. ಆದರೆ ಮೃಗಶಿರದ ಪಕ್ಕದಲ್ಲೇ ಬೇಟೆಗಾರ ಮೃಗವ್ಯಾಧನ ಉಜ್ವಲ ತಾರೆಯಿದೆ. ಪಾಶ್ಚಾತ್ಯರು ಅದೇ ತಾರಾಪುಂಜವನ್ನು ಮಹಾಶ್ವಾನವೆಂದು ಕರೆಯುತ್ತಾರೆ. ಈ ಎರಡಕ್ಕೂ ಸಂಬಂಧವಿದೆಯೆಂದು ಸಾಧಿಸಲು ನಾನು ಹೊರಟಿಲ್ಲ. ಚಳಿಗಾಲದ ರಾತ್ರಿ ಅಂಗಳದಲ್ಲಿ ನಿಂತು ಮೇಲೆ ನೋಡಿದವನಿಗೆ ಆ ಯೋಚನೆ ಬಾರದಿರದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ದತ್ತನ ಜನ್ಮಕಾಲ ಪ್ರದೋಷ. ಹುಣ್ಣಿಮೆಯ ಸಂಜೆಗೆ ಒಂದು ವಿಶೇಷವಿದೆ. ಸೂರ್ಯ ಪಶ್ಚಿಮದಲ್ಲಿ ಮುಳುಗುವ ಹೊತ್ತಿಗೆ ಸರಿಯಾಗಿ ಚಂದ್ರ ಪೂರ್ವದಲ್ಲಿ ಮೂಡುತ್ತಾನೆ. ಪೂರ್ವದಲ್ಲಿ ಉದಯಿಸುತ್ತಿರುವ ರಾಶಿಯೇ ಲಗ್ನವಾದುದರಿಂದ ಆ ಮುಹೂರ್ತದ ಜಾತಕದಲ್ಲಿ ಚಂದ್ರನು ಲಗ್ನದ ಸಮೀಪದಲ್ಲಿಯೇ ಇರುತ್ತಾನೆ, ಸೂರ್ಯನು ಅವನಿಗೆ ಎದುರಾಗಿ ಏಳನೆಯ ಮನೆಯ ಕಡೆ ಇರುತ್ತಾನೆ. ಜ್ಯೋತಿಷದ ಪರಿಭಾಷೆಯಲ್ಲಿ ಚಂದ್ರ ಮನಸ್ಸು, ಸೂರ್ಯ ಆತ್ಮ. ಇಬ್ಬರೂ ಪರಸ್ಪರ ಪೂರ್ಣದೃಷ್ಟಿಯಿಂದ ನೋಡಿಕೊಳ್ಳುವ ಗಳಿಗೆಯನ್ನು ಪರಮಗುರುವಿನ ಜನ್ಮಕ್ಕೆ ನಮ್ಮ ಹಿರಿಯರು ಆರಿಸಿಕೊಂಡದ್ದು ಸುಮ್ಮನೆ ಇರಲಾರದು. ಮನಸ್ಸು ಆತ್ಮನಿಗೆ ಮರೆಯಾಗದೆ, ಅದರ ಬೆಳಕನ್ನೇ ತುಂಬಿಕೊಂಡು ಎದುರು ನಿಂತ ಸ್ಥಿತಿ ಅದು.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಆ ದೇವರ ಹೆಸರು. ದತ್ತ ಎಂದರೆ ಕೊಡಲ್ಪಟ್ಟವನು. ಅತ್ರಿಮುನಿಯು ಮಗನನ್ನು ಬೇಡಿದ. ಭಗವಂತನು ತನ್ನನ್ನೇ ಕೊಟ್ಟುಕೊಂಡ. ಆದರೆ ಹೀಗೆ ಬಂದ ಮಗನು ಮನೆಯಲ್ಲಿ ನಿಲ್ಲಲಿಲ್ಲ. ಆಶ್ರಮವನ್ನು ಬೆಳಗಲಿಲ್ಲ, ವಂಶವನ್ನು ಬೆಳೆಸಲಿಲ್ಲ. ಅವಧೂತನಾಗಿ ಕಾಡುಮೇಡು ಅಲೆದ. ಭೂಮಿ, ಗಾಳಿ, ಜೇನುನೊಣ, ಹೆಬ್ಬಾವು ಮೊದಲಾದ ಇಪ್ಪತ್ತನಾಲ್ಕು ಗುರುಗಳಿಂದ ತಾನು ಕಲಿತುದನ್ನು ಯದುರಾಜನಿಗೆ ಹೇಳಿದ ಪ್ರಸಂಗ ಭಾಗವತದ ಏಕಾದಶಸ್ಕಂಧದಲ್ಲಿ ಬರುತ್ತದೆ. ಆ ಗುರುಗಳಲ್ಲಿ ಚಂದ್ರನೂ ಒಬ್ಬ. ಕ್ಷಯವೂ ವೃದ್ಧಿಯೂ ಕಳೆಗಳಿಗೆ ಮಾತ್ರ, ಚಂದ್ರನಿಗಲ್ಲ ಎಂಬ ಪಾಠವನ್ನು ಅವಧೂತನು ಅವನಿಂದ ಕಲಿತ. ಪಾರಿವಾಳವೂ ಒಬ್ಬ ಗುರು. ಮರಿಗಳ ಮೇಲಿನ ಮೋಹದಿಂದ ತಾನೂ ಬೇಡನ ಬಲೆಗೆ ಬಿದ್ದ ಪಾರಿವಾಳದಿಂದ, ಕುಟುಂಬದ ಅತಿಸ್ನೇಹದ ಪರಿಣಾಮವನ್ನು ಆತ ತಿಳಿದುಕೊಂಡ. ಹುಣ್ಣಿಮೆಯಲ್ಲಿ ಹುಟ್ಟಿದ ದೇವರು ಕಲಿಸುವುದು ತುಂಬಿಕೊಳ್ಳುವುದನ್ನಲ್ಲ, ಬಿಟ್ಟುಕೊಡುವುದನ್ನು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇರಿಸಿಕೊಂಡು ಶ್ರೀಧರಸ್ವಾಮಿಗಳ ತಂದೆತಾಯಿಗಳ ಕಡೆಗೆ ತಿರುಗಬೇಕು.

ತಂದೆ ನಾರಾಯಣರಾವ್ ಪತಕಿ, ತಾಯಿ ಕಮಲಾಬಾಯಿ. ಮನೆತನ ಇಂದಿನ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ದೇಗಲೂರಿನದು; ಮನೆಮಾತು ಮರಾಠಿ. ದತ್ತನು ಹುಟ್ಟಿದ ನೆಲವೆಂದು ಮರಾಠಿಗರು ನಂಬುವ ಮಾಹೂರು ಕ್ಷೇತ್ರವೂ ಅದೇ ಜಿಲ್ಲೆಯಲ್ಲಿದೆ. ಪರಶುರಾಮನು ತಾಯಿ ರೇಣುಕೆಯ ಅಂತ್ಯಕ್ರಿಯೆಯನ್ನು ದತ್ತಾತ್ರೇಯನ ಆಚಾರ್ಯತ್ವದಲ್ಲಿ ನಡೆಸಿದನೆಂಬ ಕಥೆಯೂ ಅಲ್ಲಿಯದೇ. ವಂಶ ಉಳಿಯಬೇಕೆಂಬ ಹಂಬಲದಿಂದ ಆ ದಂಪತಿಗಳು ಗಾಣಗಾಪುರಕ್ಕೆ ಹೋಗಿ ದತ್ತಸೇವೆ ಮಾಡಿದರೆಂದು ಸ್ವಾಮಿಗಳ ಚರಿತ್ರೆಯನ್ನು ಹೇಳುವವರೆಲ್ಲರೂ ಒಂದೇ ದನಿಯಲ್ಲಿ ಹೇಳುತ್ತಾರೆ. ಭೀಮಾ ಅಮರಜಾ ಸಂಗಮದ ಆ ಕ್ಷೇತ್ರ ನೃಸಿಂಹಸರಸ್ವತಿಗಳ ನಿರ್ಗುಣ ಪಾದುಕೆಗಳಿಂದ ಪ್ರಸಿದ್ಧ. ಅವರ ಮಹಿಮೆಯನ್ನು ಮರಾಠಿಯಲ್ಲಿ ಗುರುಚರಿತ್ರೆಯಾಗಿ ಬರೆದ ಸರಸ್ವತೀ ಗಂಗಾಧರನ ಮನೆಮಾತು ಕನ್ನಡವಾಗಿತ್ತು. ಕನ್ನಡಿಗನೊಬ್ಬ ಮರಾಠಿಯಲ್ಲಿ ದತ್ತಸಂಪ್ರದಾಯದ ಮೂಲಗ್ರಂಥವನ್ನು ಬರೆದ. ಶತಮಾನಗಳ ತರುವಾಯ ಮರಾಠಿ ಮನೆಯ ಶಿಶುವೊಂದು ಆ ಸಂಪ್ರದಾಯವನ್ನು ಕನ್ನಡ ಮಲೆನಾಡಿಗೆ ತಂದಿತು. ಸಾಲ ತೀರಿಸಿದಂತಾಯಿತು ಎನ್ನಬಹುದೋ ಏನೋ.

ಶಿಶು ಜನಿಸಿದ್ದು ಕಲಬುರಗಿ ಜಿಲ್ಲೆಯ ಲಾಡ್ ಚಿಂಚೋಳಿಯಲ್ಲಿ, 1908ನೆಯ ಇಸವಿ ಡಿಸೆಂಬರ್ 7ರಂದು, ಸೋಮವಾರ. ಆಗ ಆ ಸೀಮೆ ನಿಜಾಮರ ರಾಜ್ಯಕ್ಕೆ ಸೇರಿತ್ತು. ಶಾಲಿವಾಹನ ಶಕ 1830, ಕೀಲಕ ಸಂವತ್ಸರ. ಹೆಸರು ಶ್ರೀಧರ.

ಆ ಸಂಜೆಯ ಆಕಾಶವನ್ನು ದೃಗ್ಗಣಿತದಿಂದ ಲೆಕ್ಕ ಹಾಕಿ ನೋಡಿದ್ದೇನೆ. ಸೂರ್ಯ ವೃಶ್ಚಿಕದಲ್ಲಿ, ಜ್ಯೇಷ್ಠಾ ನಕ್ಷತ್ರದಲ್ಲಿ. ಚಂದ್ರ ವೃಷಭದಲ್ಲಿ, ರೋಹಿಣಿಯಲ್ಲಿ. ದತ್ತನ ನಕ್ಷತ್ರವೆನಿಸಿದ ಮೃಗಶಿರ ಇನ್ನೂ ಬಂದಿರಲಿಲ್ಲ. ಬೆಳಗಿನ ಜಾವಕ್ಕೆ ಮೊದಲು ಪೂರ್ಣಿಮೆ ಮುಗಿಯುವ ಹೊತ್ತಿಗೂ ಚಂದ್ರ ರೋಹಿಣಿಯ ಕೊನೆಯ ಅಂಚಿನಲ್ಲಿಯೇ ಇದ್ದ. ಭಕ್ತಿಯ ಉತ್ಸಾಹದಲ್ಲಿ ಎಲ್ಲವನ್ನೂ ದೇವರ ಜಾತಕಕ್ಕೆ ಹೊಂದಿಸಿಬಿಡುವ ಆಸೆ ಸಹಜ. ಆದರೆ ಲೆಕ್ಕ ಹೇಳುವುದು ರೋಹಿಣಿಯನ್ನು. ರೋಹಿಣಿ ಕೃಷ್ಣನು ಹುಟ್ಟಿದ ನಕ್ಷತ್ರ. ಚಂದ್ರನ ಇಪ್ಪತ್ತೇಳು ಪತ್ನಿಯರಲ್ಲಿ ಅವನಿಗೆ ಅತಿಪ್ರಿಯಳಾದವಳು. ವೃಷಭ ಅವನ ಉಚ್ಚರಾಶಿ. ಜನನದ ಗಳಿಗೆಯನ್ನು ಬಿಟ್ಟು ಚಂದ್ರರಾಶಿಯಿಂದಲೇ ಎಣಿಸಿದರೆ, ಮಾತೃಸ್ಥಾನವಾದ ನಾಲ್ಕನೆಯ ಸಿಂಹದಲ್ಲಿ ಗುರು. ಲಾಭಸ್ಥಾನವಾದ ಹನ್ನೊಂದನೆಯ ಮೀನದಲ್ಲಿ ಶನಿ. ಮಾತೃಕಾರಕನಾದ ಚಂದ್ರನು ತುಂಬಿ ಉಚ್ಚದಲ್ಲಿ, ಮಾತೃಸ್ಥಾನದಲ್ಲಿ ದೇವಗುರು! ಊರಿನ ಯಾವ ಜೋಯಿಸರಿಗೆ ತೋರಿಸಿದ್ದರೂ ತಾಯಿಯ ಮಡಿಲ ಸುಖ ಬಹುಕಾಲ ಉಂಟು, ಮನೆ ತುಂಬಿದ ಸಂಸಾರ ಉಂಟು ಎಂದು ಸಂತೋಷದಿಂದ ಹೇಳಿ, ಎಲೆಯಡಿಕೆ ದಕ್ಷಿಣೆ ತೆಗೆದುಕೊಂಡು ಹೋಗುತ್ತಿದ್ದರು.

ನಡೆದದ್ದು ಬೇರೆ. ಶಿಶುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಬಳಿಕ ಅಣ್ಣನೂ ಉಳಿಯಲಿಲ್ಲ. ವಂಶಕ್ಕಾಗಿ ದೇವರಲ್ಲಿ ಸೆರಗೊಡ್ಡಿದ ಕಮಲಾಬಾಯಿ ಹೈದರಾಬಾದಿನಲ್ಲಿ ಮಗನನ್ನು ಓದಿಸುತ್ತ ಕೆಲವು ವರ್ಷ ಕಳೆದು, ಅವನಿನ್ನೂ ಬಾಲಕನಾಗಿರುವಾಗಲೇ ತಾವೂ ಕಣ್ಣು ಮುಚ್ಚಿದರು. ಆ ತಾಯಿಯ ವಿಷಯದಲ್ಲಿ ಭಕ್ತರು ಹೇಳುವ ಒಂದು ಕಥೆ ನನಗೆ ಪ್ರಿಯ. ಪರೀಕ್ಷೆ ಹತ್ತಿರ ಬಂದಾಗ ಜೊತೆಯ ಹುಡುಗರೆಲ್ಲ ಹಣ ಕೊಟ್ಟು ಮನೆಪಾಠಕ್ಕೆ ಹೋಗುವುದನ್ನು ಕಂಡು ಶ್ರೀಧರನೂ ತನಗೊಬ್ಬ ಮೇಷ್ಟರು ಬೇಕೆಂದು ಕೇಳಿದನಂತೆ. ಹಣವೆಲ್ಲಿಯದು? ರಾಮನಾಮವನ್ನೇ ಮೇಷ್ಟರೆಂದು ತಿಳಿದು ಜಪಿಸೆಂದು ತಾಯಿ ಬುದ್ಧಿ ಹೇಳಿದರಂತೆ. ಹುಡುಗ ಅದನ್ನು ಅಕ್ಷರಶಃ ನಂಬಿದ. ಪರೀಕ್ಷೆಯಲ್ಲಿ ತೇರ್ಗಡೆಯೂ ಆದ. ಇದರಲ್ಲಿ ಪವಾಡವಿದೆಯೆಂದು ನನಗೆ ತೋರುವುದಿಲ್ಲ. ಬಡತನವನ್ನು ಮಗನ ಕಣ್ಣಿಗೆ ಬೀಳದಂತೆ ಮಂತ್ರವಾಗಿ ಮಾರ್ಪಡಿಸಿದ ತಾಯಿಯೊಬ್ಬಳ ಜಾಣ್ಮೆಯಿದೆ. ಮಾತೃಸ್ಥಾನದ ಗುರುವಿಗೆ ಫಲ ಹುಡುಕುವುದೇ ಆದರೆ ನಾನು ಇಲ್ಲಿ ಹುಡುಕುತ್ತೇನೆ. ತಾಯಿ ದೀರ್ಘಕಾಲ ಬದುಕಲಿಲ್ಲ. ಬದುಕಿದಷ್ಟು ಕಾಲದಲ್ಲಿ ಗುರುವಾದಳು. ಶಾಸ್ತ್ರ ಸುಳ್ಳಾಗಲಿಲ್ಲವೆಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಸುಖವೆಂದು ಓದಿಕೊಂಡ ಗ್ರಹವು ಬೇರೊಂದನ್ನು ಕೊಟ್ಟುಹೋಗುವುದು ಜಾತಕ ನೋಡುವವರೆಲ್ಲರ ಅನುಭವ.

ಅನಂತರ ಬಂಧುಗಳ ಆಶ್ರಯದಲ್ಲಿ ಕಲಬುರಗಿಯಲ್ಲಿ ಸ್ವಲ್ಪ ಕಾಲ, ಮುಂದೆ ಪುಣೆಯಲ್ಲಿ ಅನಾಥ ವಿದ್ಯಾರ್ಥಿ ಗೃಹದಲ್ಲಿ ವಾಸ. ದೇವರನ್ನು ಬೇಡಿ ಪಡೆದ ಮಗು ಅನಾಥರ ಮನೆಯಲ್ಲಿ ಬೆಳೆಯಿತು! ದತ್ತನೆಂಬ ಹೆಸರಿನ ಕಠೋರವಾದ ಅರ್ಥ ಇಲ್ಲಿಂದಲೇ ಬಿಚ್ಚಿಕೊಳ್ಳತೊಡಗುತ್ತದೆ. ಕೊಟ್ಟವನು ಮಗುವನ್ನು ತಂದೆತಾಯಿಗಳಿಗೆ ಕೊಟ್ಟದ್ದೋ, ಅಥವಾ ತಂದೆತಾಯಿಗಳಿಂದ ಬಿಡಿಸಿ ಲೋಕಕ್ಕೆ ಕೊಟ್ಟದ್ದೋ?

1927ರ ವಿಜಯದಶಮಿಯಂದು, ಹತ್ತೊಂಬತ್ತು ತುಂಬುವ ಮೊದಲೇ, ಶ್ರೀಧರ ಪುಣೆಯನ್ನು ಬಿಟ್ಟು ಸಾತಾರೆಯ ಬಳಿಯ ಸಜ್ಜನಗಡಕ್ಕೆ ಹೊರಟ. ವಿಜಯದಶಮಿ ಸೀಮೋಲ್ಲಂಘನದ ದಿನ. ರಾಜರು ಎಲ್ಲೆ ದಾಟಿ ದಿಗ್ವಿಜಯಕ್ಕೆ ಹೊರಡುತ್ತಿದ್ದ ದಿನ. ಗಡದಲ್ಲಿ ಸಮರ್ಥ ರಾಮದಾಸರ ಸಮಾಧಿ. ಸಮಾಧಿಯ ಸೇವೆ, ಜಪ, ಧ್ಯಾನಗಳಲ್ಲಿ ಅವರು ಸುಮಾರು ಮೂರು ವರ್ಷ ಅಲ್ಲಿ ಕಳೆದರು. ಮೂರು ಶತಮಾನ ಹಿಂದಿನ ಗುರುವಿಗೆ ತನ್ನನ್ನು ಒಪ್ಪಿಸಿಕೊಂಡ ಶಿಷ್ಯ ಅವರು.

ಇಲ್ಲಿ ಪಂಚಾಂಗದ ಒಂದು ಸ್ವಾರಸ್ಯವನ್ನು ವಾಚಕರ ಮುಂದೆ ಇಡಬೇಕು. ಸಮರ್ಥ ರಾಮದಾಸರು ಹುಟ್ಟಿದ್ದು ಶಕ 1530ರ ಚೈತ್ರ ಶುದ್ಧ ನವಮಿಯಂದು, ಎಂದರೆ 1608ರ ರಾಮನವಮಿಯಂದು. ಅದೂ ಕೀಲಕ ಸಂವತ್ಸರ. ಶ್ರೀಧರರು ಹುಟ್ಟಿದ್ದು ಶಕ 1830ರ ಕೀಲಕದಲ್ಲಿ. ನಡುವೆ ಸರಿಯಾಗಿ ಮುನ್ನೂರು ವರ್ಷ. ಅರುವತ್ತು ಸಂವತ್ಸರಗಳ ಚಕ್ರ ಐದು ಸಲ ಪೂರ್ತಿ ತಿರುಗಿದೆ. ಗುರು ರಾಮನ ಜನ್ಮತಿಥಿಯಲ್ಲಿ, ಶಿಷ್ಯ ದತ್ತನ ಜನ್ಮತಿಥಿಯಲ್ಲಿ. ಇಂಥ ಹೊಂದಾಣಿಕೆ ಕಂಡಾಗ ನಮ್ಮ ಜನ ಪುಳಕಿತರಾಗುವುದು ಸಹಜ, ನನಗೂ ಪುಳಕವಾಯಿತು. ಆದರೆ ಕಾಲಚಕ್ರದ ಈ ಕೀಲಿಗಿಂತ, ಸಮರ್ಥರ ಜೀವನದ ಒಂದು ಪ್ರಸಿದ್ಧ ಘಟನೆಯೇ ಇಬ್ಬರನ್ನೂ ಹೆಚ್ಚು ಗಟ್ಟಿಯಾಗಿ ಬೆಸೆಯುತ್ತದೆ. ಸಮರ್ಥರು ಮದುವೆಯ ಮಂಟಪದಿಂದಲೇ ಎದ್ದು ಹೊರಟುಹೋದವರು. ಅವರ ತಾಯಿಯೂ ಮಗನ ವಂಶವನ್ನು ಕಾಣಲು ಹಂಬಲಿಸಿದವಳೇ.

1930ರಲ್ಲಿ ಸಮರ್ಥರ ಅಪ್ಪಣೆಯಾಯಿತೆಂದು ಶ್ರೀಧರರು ಗಡವನ್ನಿಳಿದು ದಕ್ಷಿಣಕ್ಕೆ ಹೊರಟರು. ಗೋಕರ್ಣದ ದಾರಿ ಹಿಡಿದು ಬಂದ ಮರಾಠಿ ಬ್ರಹ್ಮಚಾರಿಯನ್ನು ಘಟ್ಟದ ಮೇಲಿನ ಸೀಮೆ ಮೆಲ್ಲಮೆಲ್ಲನೆ ತನ್ನವನನ್ನಾಗಿ ಮಾಡಿಕೊಂಡಿತು. ಶಿರಸಿಯ ಕಡೆ ಶೀಗೇಹಳ್ಳಿಯ ಶಿವಾನಂದಸ್ವಾಮಿಗಳ ಸನ್ನಿಧಿ ದೊರೆಯಿತು. ಹೊಸನಗರ ತಾಲೂಕಿನ ಕೊಡಚಾದ್ರಿಯಲ್ಲಿಯೂ ಅವರು ಕೆಲಕಾಲ ತಪಸ್ಸಿನಲ್ಲಿದ್ದರೆಂದು ಭಕ್ತರು ನೆನೆಯುತ್ತಾರೆ. ಸುಮಾರು 1343 ಮೀಟರು ಎತ್ತರದ ಆ ಶಿಖರದ ಮೇಲೆ ಗಾಳಿ ಮಂಜುಗಳನ್ನು ಬಿಟ್ಟರೆ ಮಾತಾಡಿಸುವವರಿಲ್ಲ. ಅವಧೂತನ ಇಪ್ಪತ್ತನಾಲ್ಕು ಗುರುಗಳಲ್ಲಿ ಭೂಮಿ, ವಾಯು, ಆಕಾಶಗಳು ಮೊದಲಿನವು. ಅವುಗಳ ಪಾಠಶಾಲೆಗೆ ಅದಕ್ಕಿಂತ ತಕ್ಕ ಸ್ಥಳ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಈ ಅಲೆದಾಟದ ವರ್ಷಗಳಲ್ಲಿ ಕನ್ನಡ ಅವರ ನಾಲಗೆಗೆ ಬಂತು. ಮುಂದೆ ಅವರು ಮರಾಠಿ, ಸಂಸ್ಕೃತಗಳಂತೆಯೇ ಕನ್ನಡದಲ್ಲಿಯೂ ಪ್ರವಚನ ಮಾಡಿದರು, ಬರೆದರು.

1942ರ ವಿಜಯದಶಮಿ. ಶೀಗೇಹಳ್ಳಿಯಲ್ಲಿ ಸನ್ಯಾಸ ಸ್ವೀಕಾರ. ಪುಣೆಯ ಎಲ್ಲೆ ದಾಟಿದ ವಿಜಯದಶಮಿಗೆ ಸರಿಯಾಗಿ ಹದಿನೈದು ವರ್ಷಕ್ಕೆ ಈ ಎರಡನೆಯ ಸೀಮೋಲ್ಲಂಘನ. ಸನ್ಯಾಸದ ವಿಧಿಯನ್ನು ಬಲ್ಲವರಿಗೆ ಗೊತ್ತು: ಸನ್ಯಾಸಿಯಾಗುವವನು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ. ಶಿಖೆ, ಯಜ್ಞೋಪವೀತ, ಗೋತ್ರ ಎಲ್ಲವನ್ನೂ ಬಿಡುತ್ತಾನೆ. ಲೌಕಿಕದ ಲೆಕ್ಕದಲ್ಲಿ ಅವನು ಸತ್ತವನು. ಅಂದಿನಿಂದ ಅವನಿಗೆ ಜಾತಕವೆಂಬುದಿಲ್ಲ. ಇಷ್ಟು ಹೊತ್ತು ನಾನು ಲೆಕ್ಕ ಹಾಕಿದ ರೋಹಿಣಿ, ಉಚ್ಚಚಂದ್ರ, ಸಿಂಹದ ಗುರು, ಇವೆಲ್ಲವನ್ನೂ ಆ ಬೆಳಗ್ಗೆ ನೀರಿನಲ್ಲಿ ಬಿಟ್ಟಂತಾಯಿತು. ದೇಗಲೂರಿನ ನಾರಾಯಣರಾಯರು ಗಾಣಗಾಪುರದಲ್ಲಿ ಬೇಡಿಕೊಂಡ ವಂಶವೂ ಅಲ್ಲಿಗೆ ಮುಗಿಯಿತು. ದೇವರು ಮಾತು ತಪ್ಪಿದನೆ? ಲೋಕದ ದೃಷ್ಟಿಯಿಂದ ನೋಡಿದರೆ ಹೌದು ಎನ್ನಲೇಬೇಕು. ಬೇಡಿದ್ದು ಮೊಮ್ಮಕ್ಕಳು ಆಡುವ ಅಂಗಳ, ದೊರೆತದ್ದು ಕಾಷಾಯ. ಭಕ್ತರ ಚರಿತ್ರೆಗಳು ಈ ಎಡೆಯಲ್ಲಿ ಜಯಘೋಷ ಮಾಡಿ ಮುಂದೆ ಸಾಗಿಬಿಡುತ್ತವೆ. ನನ್ನ ಮನಸ್ಸು ಮಾತ್ರ ಆ ಇಬ್ಬರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತದೆ. ತಂದೆಯಂತೂ ಮಗನ ಮಾತು ಬಲಿಯುವ ಮೊದಲೇ ಹೋದರು. ತಾಯಿಯಾದರೂ, ತಾನು ಮೇಷ್ಟರಾಗಿ ಕೊಟ್ಟ ರಾಮನಾಮ ಮಗನನ್ನು ಎಲ್ಲಿಗೆ ಕರೆದೊಯ್ಯುತ್ತದೆಂದು ಊಹಿಸಿರಲಾರಳು. ಅನಸೂಯೆಯ ಮಡಿಲಲ್ಲಿ ಮೂವರೂ ಶಿಶುಗಳಾದ ಕಥೆಯನ್ನು ಕೇಳಿ ನಾವು ನಲಿಯುತ್ತೇವೆ. ಆ ಮಡಿಲು ಬರಿದಾದ ದಿನದ ಕಥೆಯನ್ನು ಯಾವ ಪುರಾಣಿಕರೂ ಹೇಳುವುದಿಲ್ಲ.

ಸ್ವಾಮಿಗಳು ವರದಹಳ್ಳಿಯಲ್ಲಿ ನೆಲೆನಿಂತದ್ದು 1950ರ ದಶಕದಲ್ಲಿ. ಸಾಗರದಿಂದ ಕೆಲವೇ ಮೈಲಿ ದೂರದ, ಆಗ ದಟ್ಟ ಕಾಡಿನಿಂದ ಕವಿದಿದ್ದ ಗುಡ್ಡ. ವರದಾ ನದಿ ಹುಟ್ಟುವ ವರದಾಮೂಲವೂ ಇಕ್ಕೇರಿಯ ಅಘೋರೇಶ್ವರ ದೇವಾಲಯವೂ ಇರುವ ಸೀಮೆ. ಅಲ್ಲಿ ದುರ್ಗಾಂಬೆಯ ಗುಡಿ, ಗೋಮುಖದಿಂದ ಧಾರೆಯಾಗಿ ಬೀಳುವ ನೀರು. ಆ ನೀರಿಗೆ ಶ್ರೀಧರತೀರ್ಥವೆಂದು ಹೆಸರಾಯಿತು, ಗುಡ್ಡದ ಮೇಲೆ ಧರ್ಮಧ್ವಜ ಏರಿತು, ವರದಹಳ್ಳಿ ವರದಪುರವಾಯಿತು.

ಅದು ಆ ಸೀಮೆಗೆ ನೆಮ್ಮದಿಯ ಕಾಲವಾಗಿರಲಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದು, ಒಡೆಯರಿಗೂ ಉಳುವವರಿಗೂ ನಡುವೆ ತಲೆಮಾರುಗಳಿಂದ ಇದ್ದ ಸಂಬಂಧ ಅಲುಗಾಡಿತ್ತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಹತ್ತಾರು ವರ್ಷಗಳಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. 1964ರಲ್ಲಿ ಅದು ಪೂರ್ತಿಯಾದಾಗ ಸಾಗರ ಹೊಸನಗರ ತಾಲೂಕುಗಳ ಅನೇಕ ಹಳ್ಳಿಗಳು, ತೋಟಗದ್ದೆಗಳು, ಗ್ರಾಮದೇವತೆಗಳ ಬನಗಳು ನೀರಿನಡಿ ಸೇರಿದವು. ಹುಟ್ಟಿದ ಊರೇ ಇಲ್ಲವಾದ ಜನ ಅವರು. ಜಾತಕದ ಮೊದಲ ಸಾಲಿನಲ್ಲಿ ಬರೆಯುವ ಜನ್ಮಸ್ಥಳವು ನಕ್ಷೆಯಿಂದ ಅಳಿಸಿಹೋದ ಮೇಲೆ, ತಂದೆತಾಯಿಗಳನ್ನೂ ಊರನ್ನೂ ಗೋತ್ರವನ್ನೂ ಬಿಟ್ಟು ಬಂದ ಸನ್ಯಾಸಿಯೊಬ್ಬ ಗುಡ್ಡದ ಮೇಲಿದ್ದಾನೆಂಬುದು ಅವರಲ್ಲಿ ಎಷ್ಟೋ ಜನರಿಗೆ ಏನನ್ನು ಹೇಳಿರಬಹುದು! ಅವರ ಸುತ್ತ ಮೊದಲು ನೆರೆದವರಲ್ಲಿ ಅಡಿಕೆತೋಟದ ಹವ್ಯಕ ಕುಟುಂಬಗಳು ಹೆಚ್ಚು ಎಂಬುದು ನಿಜ. ಅವರ ಬರಹ ಪ್ರವಚನಗಳಲ್ಲಿ ವರ್ಣಾಶ್ರಮದ ಹಳೆಯ ಚೌಕಟ್ಟು ಹಾಗೆಯೇ ಇತ್ತೆಂಬುದೂ ನಿಜ. ಕಾಗೋಡಿನ ಪ್ರಶ್ನೆಗೆ ಉತ್ತರವನ್ನು ಅಲ್ಲಿ ಹುಡುಕಿದವರಿಗೆ ಅದು ದೊರೆಯುತ್ತಿರಲಿಲ್ಲ. ಆದರೆ ಕಳೆದುಕೊಂಡವನು ಹೇಗೆ ಬದುಕಬೇಕೆಂಬ ಪ್ರಶ್ನೆಗೆ ಆ ಬದುಕೇ ಒಂದು ಉತ್ತರವಾಗಿತ್ತು. ಅದಕ್ಕಾಗಿ ಬಂದವರಲ್ಲಿ ಜಾತಿಯ ಎಣಿಕೆ ಮಾಡುವುದು ಕಷ್ಟ.

ಅವರು ಒಂದೆಡೆ ಕಟ್ಟಿಹಾಕಿಕೊಂಡವರಲ್ಲ. ಸಜ್ಜನಗಡದ ಋಣವನ್ನು ಮರೆಯದೆ 1950ರಲ್ಲಿ ಅಲ್ಲಿ ಶ್ರೀಸಮರ್ಥ ಸೇವಾಮಂಡಲದ ಸ್ಥಾಪನೆಗೆ ಕಾರಣರಾದರು. ಉತ್ತರದ ಕ್ಷೇತ್ರಗಳಲ್ಲಿ ಸಂಚರಿಸಿದರು. ರಾಮ, ಶಿವ, ದೇವಿಯರ ಮೇಲೆ ಬರೆದಂತೆ ದತ್ತನ ಮೇಲೆಯೂ ಸಂಸ್ಕೃತದಲ್ಲಿ ಸ್ತೋತ್ರಗಳನ್ನು ರಚಿಸಿದರು. ರಾಮಭಕ್ತನ ಶಿಷ್ಯ, ದತ್ತನ ತಿಥಿಯವರು, ಉಪದೇಶಿಸಿದ್ದು ಶಂಕರರ ಅದ್ವೈತ. ಮೂರೂ ಅವರಲ್ಲಿ ಜಗಳವಾಡಲಿಲ್ಲ. ಕೊನೆಯ ವರ್ಷಗಳಲ್ಲಿ ಜನಸಂಪರ್ಕವನ್ನು ಮಿತಗೊಳಿಸಿ ಏಕಾಂತದಲ್ಲಿ ಉಳಿದರು. ದರ್ಶನಕ್ಕೆಂದು ಬಂದವರು ಎಷ್ಟೋ ಸಲ ಗುಡಿಯನ್ನೂ ತೀರ್ಥವನ್ನೂ ಕಂಡು ಹಿಂದಿರುಗಬೇಕಾಗುತ್ತಿತ್ತು. ಬಾಗಿಲ ತನಕ ಬಂದವರನ್ನು ಹಾಗೆ ಕಳುಹಿಸುವುದು ನಿಷ್ಠುರವೆಂದು ಕೆಲವರಿಗೆ ತೋರೀತು. ಪಾರಿವಾಳದ ಪಾಠವು ತಂದೆತಾಯಿ ಮಕ್ಕಳ ಮೋಹಕ್ಕೆ ಮಾತ್ರ ಅನ್ವಯಿಸುವುದಲ್ಲ; ಭಕ್ತರ ಮೋಹವೂ ಒಂದು ಬಲೆಯೇ.

1973ನೆಯ ಇಸವಿ ಏಪ್ರಿಲ್ 19ರಂದು ವರದಹಳ್ಳಿಯಲ್ಲಿ ಅವರು ದೇಹವನ್ನು ಬಿಟ್ಟರು. ಪ್ರಮಾದೀಚ ಸಂವತ್ಸರದ ಚೈತ್ರ ಬಹುಳ ಬಿದಿಗೆ, ಗುರುವಾರ. ಆಗ ಅವರಿಗೆ ಅರವತ್ತನಾಲ್ಕು ತುಂಬಿತ್ತು. ಗುರುವಾರ ದತ್ತನ ವಾರವೆಂದು ಭಕ್ತರು ಅದಕ್ಕೂ ಅರ್ಥ ಹೇಳುತ್ತಾರೆ, ಹೇಳಲಿ. ನನ್ನ ಗಮನ ಹೋದದ್ದು ತಿಥಿಯ ಕಡೆಗೆ. ಹುಟ್ಟಿದ್ದು ಚಂದ್ರ ತುಂಬುವ ದಿನ. ಹೊರಟದ್ದು ಹುಣ್ಣಿಮೆ ಕಳೆದ ಎರಡನೆಯ ದಿನ, ಕಳೆಗಳು ಒಂದೊಂದಾಗಿ ಬಿಟ್ಟುಹೋಗಲು ತೊಡಗಿದ ಮೇಲೆ.

ಸಂಪ್ರದಾಯದಂತೆ ಯತಿಗೆ ಆಚರಿಸುವುದು ಜಯಂತಿಯನ್ನಲ್ಲ, ಆರಾಧನೆಯನ್ನು. ಹುಟ್ಟಿದ ತಿಥಿಯನ್ನು ಅವನೇ ಬಿಟ್ಟುಕೊಟ್ಟಿರುವುದರಿಂದ ಶಿಷ್ಯರು ನೆನೆಯಬೇಕಾದದ್ದು ಹೊರಟ ತಿಥಿಯನ್ನು. ಆದರೂ ವರದಹಳ್ಳಿಯಲ್ಲಿ ಎರಡೂ ನಡೆಯುತ್ತವೆ: ಚೈತ್ರದಲ್ಲಿ ಆರಾಧನೆ, ಮಾರ್ಗಶಿರದಲ್ಲಿ ದತ್ತಜಯಂತಿ. ಶಾಸ್ತ್ರದ ಕಣ್ಣಿನಿಂದ ಇದು ಅಸಂಗತ. ಆದರೆ ಆ ಎರಡನೆಯ ಉತ್ಸವ ದೇವರ ಹೆಸರಿನಲ್ಲಿ ನಡೆಯುವುದರಿಂದ ಯಾರೂ ಪ್ರಶ್ನಿಸುವುದಿಲ್ಲ. ಸನ್ಯಾಸಿ ಬಿಟ್ಟುಕೊಟ್ಟ ಜನ್ಮದಿನವನ್ನು ದೇವರು ಕಾದಿರಿಸಿದ್ದಾನೆ ಎನ್ನುವಂತೆ. ಸಾಗರದ ಮನೆಗಳ ಗೋಡೆಯ ಮೊಳೆಗೆ ತೂಗುಹಾಕಿದ ಬಗ್ಗೋಣ ಪಂಚಾಂಗದಲ್ಲಿ ಆ ಹುಣ್ಣಿಮೆಯನ್ನು ಗುರುತಿಟ್ಟುಕೊಂಡು, ಕೊಯ್ಲಿನ ಕೆಲಸವನ್ನು ಅರ್ಧ ದಿನ ನಿಲ್ಲಿಸಿ ಜನ ಗುಡ್ಡ ಹತ್ತುತ್ತಾರೆ. ಗೋಮುಖದ ನೀರಿನಲ್ಲಿ ಕೈಕಾಲು ತೊಳೆದು, ಸಮಾಧಿಗೆ ಪ್ರದಕ್ಷಿಣೆ ಬಂದು, ಚಂದ್ರ ಮೂಡುವ ಹೊತ್ತಿಗೆ ಇಳಿಯುತ್ತಾರೆ. ಅವರಲ್ಲಿ ಸಂತಾನಕ್ಕಾಗಿ ಹರಕೆ ಹೊತ್ತು ಬಂದ ದಂಪತಿಗಳೂ ಇರುತ್ತಾರೆ.